ಏಳನೇ ನಂಬರಿನ ಪುಸ್ತಕ

ಕೋವಿಯ ನಳಿಗೆ ನನ್ನ ಎದೆಯಿಂದ ಒಂದೇ ಗೇಣು ದೂರದಲ್ಲಿತ್ತು.

"ಅಜ್ಜಿನ ಬಿಡಿ!" ಅಂದ ಉದಯ.

ಹಂದಿ ಓಡಿಸುವ ಕೋವಿ. ಹಿಡಿದವನು ಮದುಮಗಳ ಅಪ್ಪ. ಜಾಗ ಸಂಪಾಜೆ, ಅವನದೇ ಮನೆಯ ಅಂಗಳ. ಶಾಮಿಯಾನದ ಕೆಳಗೆ ಎಂಬತ್ತು ಜನ ನೆಂಟರು. ಅಷ್ಟೂ ಕಣ್ಣು ನನ್ನ ಮೇಲೆ!

ನನ್ನ ಕೈಯಲ್ಲಿ ಪೂವಮ್ಮಜ್ಜಿಯ ತೋಳು. ಎಂಬತ್ತನಾಲ್ಕು ವರ್ಷ ವಯಸ್ಸು. ಅಜ್ಜಿಯ ಕೈಯಲ್ಲಿ ಪಾಯಸದ ಲೋಟ.

"ಉದಯಣ್ಣ, ಈ ಅಜ್ಜಿ ಯೂನಿವರ್ಸಿಟಿ ಲೈಬ್ರರಿದು," ಅಂದೆ.

ಅವನು ಕಕ್ಕಾಬಿಕ್ಕಿಯಾದ. ನೀವೂ ಆಗಿದ್ದೀರಿ, ಗೊತ್ತು. ಇರಿ... ಬೆಳಿಗ್ಗೆಯಿಂದ ಹೇಳುತ್ತೇನೆ.

ನಾನು ಜವರಪ್ಪ. ಶಿರಂಗಾಲದವನು. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ. ಈಗ ಮಡಿಕೇರಿ ಹತ್ತಿರದ ಒಂದು ಯೂನಿವರ್ಸಿಟಿಯ ಮಾಹಿತಿ ವಿಜ್ಞಾನ ವಿಭಾಗದಲ್ಲಿ ಸೆಕ್ಯುರಿಟಿ. ಕೊಲೆಗಡುಕರ ಬೆನ್ನು ಹತ್ತಿದವನು ಈಗ ಮಕ್ಕಳ ಛತ್ರಿ ಕಾಯುತ್ತೇನೆ. ಹಣೆಬರಹ!

ಅವತ್ತು ವಿಭಾಗದ ವಾರ್ಷಿಕ ಕಾರ್ಯಕ್ರಮ. ಬೆಳಿಗ್ಗೆ ಸಾರ್ವಜನಿಕ ಉಪನ್ಯಾಸ. ಆಮೇಲೆ ಲೈಬ್ರರಿಯಲ್ಲಿ ವಿದ್ಯಾರ್ಥಿಗಳ ಪ್ರದರ್ಶನ. ಉಪನ್ಯಾಸಕ್ಕೆ ಮೈಸೂರಿನಿಂದ ಪ್ರೊಫೆಸರ್ ಅಶ್ವಥ್ ಬಂದಿದ್ದರು. ಮಾತು ಮುಗಿಸಿ ಅವರೇ ಒಂದೊಂದು ಸ್ಟಾಲ್ ನೋಡಿ ಮಾರ್ಕ್ಸ್ ಕೊಡಬೇಕು. ಫಸ್ಟ್ ಬಂದವರಿಗೆ ವಿಭಾಗದಲ್ಲೇ ಒಂದು ವರ್ಷ ಕೆಲಸ.

ಆ ಕೆಲಸ ಗಾನವಿಗೆ ಬೇಕಿತ್ತು. ನಾಪೋಕ್ಲಿನ ಹುಡುಗಿ. ಸಿಗದಿದ್ದರೆ ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು, ಅಷ್ಟೇ.

ಅವಳ ಸ್ಟಾಲಿನ ಹೆಸರು ಜೀವಂತ ಪುಸ್ತಕ. ಊರಿನ ಹಿರಿಯರೇ ಪುಸ್ತಕ! ಎದುರು ಕೂತು ಅರ್ಧ ಗಂಟೆ ಅವರ ಮಾತು ಕೇಳುವುದೇ ಓದು. ಹನ್ನೆರಡು ಜನರನ್ನು ಒಪ್ಪಿಸಿ, ನಂಬರ್ ಹಾಕಿದ ಚೀಟಿ ಬರೆದಿಟ್ಟಿದ್ದಳು. ಆದರೆ ಕಾಫಿ ಪಿಕ್ಕಿಂಗ್ ಟೈಮ್. ಬಂದವರು ಏಳನೇ ನಂಬರಿನ ಪೂವಮ್ಮಜ್ಜಿ ಒಬ್ಬರೇ.

ಹನ್ನೊಂದು ಗಂಟೆಗೆ ಗಾನವಿ ಅಳುತ್ತಾ ಓಡಿಬಂದಳು.

"ಅಂಕಲ್, ಅಜ್ಜಿ ಇಲ್ಲ!"

ಲೈಬ್ರರಿ ಕೌಂಟರಿನಲ್ಲಿ ಕೆಂಚನನ್ನು ಹಿಡಿದೆ. ಮೂವತ್ತು ವರ್ಷದಿಂದ ಅಲ್ಲಿ ಅಟೆಂಡರ್.

"ಅಜ್ಜಿ ಎಲ್ಲಯ್ಯಾ?"

"ಇಶ್ಯೂ ಆಗವ್ರೆ ಸಾರ್."

"ಏನು?!"

"ಒಬ್ಬ ಹುಡುಗ ಕಾರ್ಡ್ ಕೊಟ್ಟ. ಅಜ್ಜಿ ಸೀರೆ ಮೇಲೆ ನಂಬರ್ ಇತ್ತು. ರೆಫರೆನ್ಸ್ ಅಂತ ಸೀಲ್ ಇರ್ಲಿಲ್ಲ. ಸೀಲ್ ಇಲ್ದಿದ್ ಮೇಲೆ ಮನೆಗೆ ಕೊಡ್ಲೇಬೇಕು, ರೂಲ್ಸು. ಹದ್ನಾಲ್ಕು ದಿನ ಟೈಮ್ ಐತೆ."

ಎತ್ತಿದ ಕೈಯನ್ನು ಕಷ್ಟಪಟ್ಟು ಇಳಿಸಿದೆ. ರಿಜಿಸ್ಟರ್ ನೋಡಿದೆ. ದಿಗಂತ್, ಹಳೇ ವಿದ್ಯಾರ್ಥಿ, ಊರು ಸಂಪಾಜೆ. ಫೋನ್ ಮಾಡಿದೆ. ಸ್ವಿಚ್ ಆಫ್! ಅವನ ಮನೆಗೆ ಮಾಡಿದೆ. ಇವತ್ತು ಅವನ ನಿಶ್ಚಿತಾರ್ಥ, ಅದೇ ಊರಿನ ಹುಡುಗಿ ಮನೆಗೆ ಹೋಗಿದ್ದಾನೆ ಅಂದರು.

"ಕೆಂಚ, ನಾನು ಬರೋವರೆಗೆ ಆ ಪ್ರೊಫೆಸರ್ ಭಾಷಣ ಮುಗೀಬಾರ್ದು. ಮುಗಿದ್ರೆ ಎದ್ದು ನಿಂತು ಪ್ರಶ್ನೆ ಕೇಳು!"

"ಏನ್ ಕೇಳ್ಲಿ ಸಾರ್?"

"ಏನಾದ್ರೂ ಕೇಳಯ್ಯಾ!"

ಜೀಪ್ ಹತ್ತಿದೆ. ಘಾಟಿ ಇಳಿಯಲು ಐವತ್ತು ನಿಮಿಷ.

ಹುಡುಗಿ ಮನೆಯ ಅಂಗಳದಲ್ಲಿ ಸಂಭ್ರಮವಿರಲಿಲ್ಲ, ಜಗಳವಿತ್ತು. ಹುಡುಗ ಹುಡುಗಿ ಇಬ್ಬರದೂ ಒಂದೇ ಬಳಿ ಅಂತ ಯಾರೋ ಹಿರಿಯರು ಕಡ್ಡಿ ಆಡಿಸಿದ್ದರು. ಅರೆಭಾಷೆ ಗೌಡರಲ್ಲಿ ಬಳಿ ಅಂದರೆ ಗೋತ್ರದ ಹಾಗೆ, ಒಂದೇ ಬಳಿಯವರು ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ! ಯಾವ ಮನೆಯದು ಯಾವ ಬಳಿ ಅಂತ ನಿಖರವಾಗಿ ಹೇಳಬಲ್ಲ ಜೀವ ಆ ಸೀಮೆಯಲ್ಲಿ ಒಂದೇ. ಅದು ಪೂವಮ್ಮಜ್ಜಿ.

ದಿಗಂತ್ ನನಗೆ ಕೈ ಮುಗಿದ.

"ಸಾರ್, ಅಜ್ಜಿ ಹೇಳಿದ್ರೆ ಮಾತ್ರ ರಮ್ಯನ ಅಪ್ಪ ಒಪ್ತಾರೆ. ನಾನು ಕದ್ದಿಲ್ಲ, ಕಾರ್ಡ್ ಕೊಟ್ಟೇ ತಂದದ್ದು!" ಜೇಬಿನಿಂದ ಸೀಲ್ ಹೊಡೆದ ಚೀಟಿ ತೆಗೆದು ತೋರಿಸಿದ.

ನಾನು ಅಜ್ಜಿಯ ತೋಳು ಹಿಡಿದು ಎಬ್ಬಿಸಿದೆ. ಆಗ ಬಂದದ್ದು ಆ ಕೋವಿ.

"ಬಳಿ ಹೇಳದೆ ಅಜ್ಜಿ ಅಂಗಳ ದಾಟೋ ಹಾಗಿಲ್ಲ!" ಉದಯನ ಬೆರಳು ಟ್ರಿಗರ್ ಮೇಲಿತ್ತು. ನನಗೆ ಹೆದರಿಕೆಯಾಯಿತು.

ಅಜ್ಜಿ ಪಾಯಸದ ಲೋಟದಿಂದಲೇ ನಳಿಗೆಯನ್ನು ಅತ್ತ ಸರಿಸಿದರು.

"ನಿನ್ನ ಎತ್ತಿ ಆಡ್ಸಿದ ಕೈ ಇದು ಉದಯ. ಸುಮ್ನಿರು. ನಂಗೆ ಎಲ್ಲಾ ಗೊತ್ತುಟ್ಟು. ಆದ್ರೆ ಇಲ್ಲಿ ಹೇಳುದಿಲ್ಲೆ."

"ಯಾಕಜ್ಜಿ?"

"ಆ ಗೂಡೆ ಗಾನವಿಗೆ ಮಾತು ಕೊಟ್ಟೊಳೆ. ಅವಳ ಮೇಜಿನ ಹತ್ರ ಕೂತೇ ಹೇಳುದು. ಇವ ಸೀಲ್ ಹೊಡ್ಸಿ ಕರ್ದ, ಇದೂ ಪ್ರೋಗ್ರಾಮೇ ಇರ್ಬೇಕುಂತ ಬಂದೆ. ಊಟ ಏನೋ ಲಾಯ್ಕ ಇತ್ತು."

ನನ್ನ ಫೋನ್ ಹೊಡೆದುಕೊಂಡಿತು. ಕೆಂಚ!

"ಸಾರ್, ಮೇಷ್ಟ್ರು ಥ್ಯಾಂಕ್ಯೂ ಅಂದ್ಬಿಟ್ರು!"

"ಪ್ರಶ್ನೆ ಕೇಳು!"

"ಕೇಳ್ದೆ ಸಾರ್. ಮಾಹಿತಿ ಅಂದ್ರೇನು ಅಂದೆ."

"ಆಮೇಲೆ?"

"ಇನ್ನೊಂದ್ಸಲ ಮೊದ್ಲಿಂದ ಶುರು ಹಚ್ಕೊಂಡವ್ರೆ!"

ಕೆಂಚನ ಬಾಯಿಗೆ ಸಕ್ಕರೆ ಹಾಕಬೇಕು! ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಓಡಿದೆ. ಹಿಂದೆ ಕೂಗಾಟ. ಜೀಪಿಗೆ ಹಾಕಿ ಕೀ ತಿರುಗಿಸಿದೆ.

ಕನ್ನಡಿಯಲ್ಲಿ ನೋಡಿದರೆ... ನಾಲ್ಕು ಜೀಪು, ಎರಡು ಪಿಕಪ್, ಒಂದು ಮಿನಿ ಬಸ್! ಇಡೀ ನಿಶ್ಚಿತಾರ್ಥವೇ ಬೆನ್ನು ಹತ್ತಿತ್ತು. ಮುಂದಿನ ಜೀಪಿನ ಕಿಟಕಿಯಲ್ಲಿ ಕೋವಿ.

ಘಾಟಿಯ ತಿರುವು. ಎದುರಿಗೆ ಮರದ ಲಾರಿ! ಎಡಕ್ಕೆ ತಿರುಗಿಸಿದೆ. ಚಕ್ರದ ಕೆಳಗಿನ ಕಲ್ಲು ಪ್ರಪಾತಕ್ಕೆ ಉರುಳಿತು.

"ಸ್ವಲ್ಪ ಬೇಗ ಬಿಡಿ ಮಾರಾಯ್ರೆ," ಅಂದರು ಅಜ್ಜಿ. "ಗೂಡೆ ಕಾಯ್ತಾ ಇದ್ದದೆ."

ಒಂದೂಮುಕ್ಕಾಲಿಗೆ ಗೇಟು. ಕೋವಿ ಹಿಡಿದವರನ್ನು ಗೇಟಿನಲ್ಲಿ ತಡೆಯಬೇಕಾದವನು ನಾನೇ. ಆದರೆ ನಾನು ಅವರ ಮುಂದೆ ಓಡುತ್ತಿದ್ದೆ!

ಲೈಬ್ರರಿಯಲ್ಲಿ ಪ್ರೊಫೆಸರ್ ಆಗಲೇ ಗಾನವಿಯ ಸ್ಟಾಲಿನ ಮುಂದಿದ್ದರು. ಖಾಲಿ ಕುರ್ಚಿ ನೋಡಿ ಸೊನ್ನೆ ಬರೆಯಲು ಪೆನ್ನು ತೆಗೆದಿದ್ದರು. ಅಜ್ಜಿಯನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಹಿಂದೆಯೇ ಎಂಬತ್ತು ಜನ ನುಗ್ಗಿದರು.

"ಯಾರಿವರೆಲ್ಲ?" ಪ್ರೊಫೆಸರ್ ಹೌಹಾರಿದರು.

ಗಾನವಿ ನನ್ನ ಮುಖ ನೋಡಿದಳು, ಕೋವಿ ನೋಡಿದಳು. ಗಂಟಲು ಸರಿಮಾಡಿಕೊಂಡಳು.

"ಓದುಗರು ಸರ್."

ಭಲೇ ಹುಡುಗಿ!

ಅಜ್ಜಿ ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ದಿಗಂತನ ಅಜ್ಜ ನಾಲ್ಕು ವರ್ಷದ ಮಗುವಾಗಿದ್ದಾಗ ಅಪ್ಪ ಸತ್ತ. ಅಮ್ಮನ ಜೊತೆ ಅವಳ ತವರುಮನೆಗೆ ಬಂದ. ಅಲ್ಲೇ ಬೆಳೆದ, ಆ ಮನೆಯ ಹೆಸರೇ ಅಂಟಿತು. ಆದರೆ ಬಳಿ ಬರುವುದು ಅಪ್ಪನಿಂದ. ಅದು ಬೇರೆ ಬಳಿ. ಮದುವೆಗೆ ಅಡ್ಡಿಯಿಲ್ಲ!

ಪ್ರೊಫೆಸರ್ ಕನ್ನಡಕ ಏರಿಸಿದರು. "ಇದಕ್ಕೆ ಆಕರ ಏನಮ್ಮ?"

"ನನ್ನ ಕಣ್ಣು. ಆ ಮಗು ಬಂದ ದಿನ ನಾನು ಅವರ ಜಗಲಿಲಿ ಆಡ್ತಾ ಇದ್ದೆ."

ಉದಯ ಕೋವಿಯನ್ನು ಪುಸ್ತಕದ ಕಪಾಟಿಗೆ ಒರಗಿಸಿ ದಿಗಂತನನ್ನು ತಬ್ಬಿಕೊಂಡ. ರಮ್ಯ ಅತ್ತಳು. ಓಲಗದವರೂ ಮಿನಿ ಬಸ್ಸಿನಲ್ಲೇ ಬಂದಿದ್ದರು, ಊದಿಯೇ ಬಿಟ್ಟರು! ಗಾನವಿಯ ಮೇಜಿನ ಮೇಲೇ ವೀಳ್ಯ ಬದಲಾಯಿತು.

ಗಾನವಿಗೆ ಫಸ್ಟ್ ಪ್ರೈಜ್. ಕೆಲಸವೂ ಸಿಕ್ಕಿತು. ನನ್ನ ಕೈ ಹಿಡಿದುಕೊಂಡು ನಿಂತಳು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣೂ ಒದ್ದೆಯಾಯಿತು.

ಮಾರನೇ ದಿನ ವಿಭಾಗದ ಮುಖ್ಯಸ್ಥರಿಂದ ನನಗೊಂದು ಮೆಮೊ. ಕೋವಿಯ ಮಾತಿಲ್ಲ, ಅಜ್ಜಿಯ ಮಾತಿಲ್ಲ. ಲೈಬ್ರರಿಯಲ್ಲಿ ಗದ್ದಲವಾಗಲು ಬಿಟ್ಟಿದ್ದಕ್ಕೆ ಕಾರಣ ಕೊಡಿ ಅಂತ ಅಷ್ಟೇ.

ಪೆನ್ನು ತೆಗೆದು ಉತ್ತರ ಬರೆದೆ.

"ಒಟ್ಟಿಗೆ ಎಂಬತ್ತು ಜನ ಓದಲು ಬಂದರು. ನಮ್ಮ ಲೈಬ್ರರಿಗೆ ಅಭ್ಯಾಸವಿರಲಿಲ್ಲ."