ಎಡಗಣ್ಣಿನ ಗುಟ್ಟು

ಅವಳು ಮಾನಿಟರ್ ಮುಂದೆ ಮುಷ್ಟಿ ಎತ್ತಿ ನಿಂತಿದ್ದಳು. ಇನ್ನೊಂದು ಕ್ಷಣ ತಡವಾಗಿದ್ದರೆ ಆ ಹೊಸ ಪರದೆ ಪುಡಿಪುಡಿಯಾಗುತ್ತಿತ್ತು.

“ಹೊಡೀಬೇಡಿ. ಪಾಪ, ತಿರುಗಿ ಹೊಡೆಯೋಕೆ ಅದಕ್ಕೆ ಕೈ ಇಲ್ಲ.”

ಆಫೀಸ್ ಕೋಣೆಯ ಬಾಗಿಲಲ್ಲಿ ಒಬ್ಬ ತೆಳ್ಳನೆಯ ಯುವಕ ನಿಂತಿದ್ದ. ಹೆಗಲಲ್ಲಿ ಚೀಲ, ಮೂಗಿನ ಮೇಲೆ ದಪ್ಪ ಕನ್ನಡಕ. ಅವನ ಬೆನ್ನ ಹಿಂದೆ ಬಾಕ್ಸಿಂಗ್ ಜಿಮ್ಮಿನ ಹಾಲ್. ಅಲ್ಲಿ ಹತ್ತು ಜನ ಮರಳಿನ ಚೀಲಗಳನ್ನು ದಬದಬನೆ ಗುದ್ದುತ್ತಿದ್ದರು. ರಿಂಗಿನ ಮೂಲೆಯಲ್ಲಿ ಒಬ್ಬ ತುಟಿ ಒಡೆದುಕೊಂಡು ಬಕೆಟ್ಟಿಗೆ ರಕ್ತ ಉಗುಳುತ್ತಿದ್ದ. ಅದನ್ನು ನೋಡಿಯೇ ಒಳಗೆ ಬಂದಿದ್ದನೆಂದು ಯುವಕನ ಬಿಳಿಚಿಕೊಂಡ ಮುಖ ಹೇಳುತ್ತಿತ್ತು.

“ರಿಪೇರಿಯವರಾ? ನೋಡಿ, ಅಕ್ಷರ ಒಂದೂ ಓದೋಕಾಗಲ್ಲ. ಮೊದಲು ಇರುವೆ ಸಾಲು ಹೋದ ಹಾಗಿತ್ತು, ಈಗ ಬರೀ ಮಸುಕು.”

ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ಅಪ್ಪ ಇದನ್ನು ತಂದು ಕೂರಿಸಿದ್ದ. ಒಳಗೆ ಲಿನಕ್ಸ್ ತಂತ್ರಾಂಶ, ಹೊರಗೆ ಕನ್ನಡಿಯಂಥ ದೊಡ್ಡ ಪರದೆ. ಇದ್ದಬದ್ದ ಬಟನ್ನೆಲ್ಲ ಒತ್ತಿ ಅವಳೇ ರೆಸಲ್ಯೂಷನ್ ತಗ್ಗಿಸಿದ್ದಳು. ಈಗ ಅಕ್ಷರ ಹಿಗ್ಗಿ ಮಸುಕಾಗಿತ್ತು. ಪರದೆಯ ಮೇಲೆ ನಿಂತುಹೋಗಿದ್ದ ಪಂದ್ಯದ ವಿಡಿಯೋದಲ್ಲಿ ಇಬ್ಬರು ಹುಡುಗಿಯರು ಅಡ್ಡಡ್ಡ ಊದಿಕೊಂಡಿದ್ದರು.

“ಇವರು ಇಷ್ಟು ದಪ್ಪ ಇದಾರಾ?”

“ಆ ಬಲಗಡೆಯವಳು ಬಂದರಿನ ಹುಡುಗಿ. ಇನ್ನು ಹತ್ತು ದಿನಕ್ಕೆ ನನ್ನ ಜೊತೆ ಫೈನಲ್ ಆಡ್ತಾಳೆ. ಒಣಕಲಿ. ಆದ್ರೆ ಬಲಗೈ ಬೀಸಿದ್ರೆ ದವಡೆ ಜಾಗ ಬಿಡುತ್ತೆ.”

ಅವನು ಕುರ್ಚಿ ಎಳೆದುಕೊಂಡ. “ರೆಸಲ್ಯೂಷನ್ ಮುಟ್ಟಬಾರದು. ಪರದೆಗೆ ಅದರದೇ ಆದ ಒಂದು ಅಳತೆ ಇರುತ್ತೆ, ಅದನ್ನ ಹಾಗೇ ಬಿಟ್ಟು ಅಕ್ಷರದ ಗಾತ್ರ ಮಾತ್ರ ಹೆಚ್ಚಿಸ್ಬೇಕು. ಎಷ್ಟು ದೊಡ್ಡದು ಬೇಕು?”

“ತುಂಬಾ. ಅಪ್ಪನಿಗೆ ವಯಸ್ಸಾಯ್ತು, ಕಾಣಲ್ಲ.”

ಅದು ಅಪ್ಪಟ ಸುಳ್ಳು. ಅವಳ ಅಪ್ಪನೇ ಜಿಮ್ಮಿನ ಕೋಚ್. ಹಾಲಿನ ಆ ತುದಿಯಲ್ಲಿ ಯಾರ ಹಿಮ್ಮಡಿ ಎದ್ದಿದೆ ಎಂದು ಈ ತುದಿಯಿಂದ ಕಂಡುಹಿಡಿಯುವ ಹದ್ದು. ಕಾಣದಿದ್ದದ್ದು ಅವಳಿಗೆ.

ಜಿಮ್ಮಿನಲ್ಲಿ ಎಲ್ಲರೂ ಅವಳನ್ನು ಸುತ್ತಿಗೆ ಎನ್ನುತ್ತಿದ್ದರು. ಹನ್ನೊಂದು ಪಂದ್ಯ, ಒಂಬತ್ತು ಜನ ನೆಲಕ್ಕೆ. ಮೂರು ತಿಂಗಳ ಹಿಂದಿನ ಪಂದ್ಯದಲ್ಲಿ ಎಡಗಣ್ಣಿಗೆ ಬಿದ್ದ ಏಟಿನಿಂದ ಮಾತ್ರ ಅವಳು ಚೇತರಿಸಿಕೊಂಡಿರಲಿಲ್ಲ. ಮೊದಲು ಕಣ್ಣ ಮುಂದೆ ಮಸಿಯ ಚುಕ್ಕೆಗಳು ಹಾರಾಡಿದವು. ಆಮೇಲೆ ಎಡ ಅಂಚಿನಿಂದ ಒಂದು ಕಪ್ಪು ಪರದೆ ದಿನಕ್ಕಿಷ್ಟು ಸರಿಯುತ್ತ ಬಂತು. ಎರಡೂ ಕಣ್ಣು ಬಿಟ್ಟು ಓದಿದರೆ ಸಣ್ಣ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ವೈದ್ಯಕೀಯ ಪರೀಕ್ಷೆಯ ದಿನ ಗೋಡೆಯ ಚಾರ್ಟಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಗಿಣಿಯಂತೆ ಒಪ್ಪಿಸಿ ಪಾಸಾಗಿದ್ದಳು. ಅಪ್ಪ ರಿಂಗಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಪ್ರಶಸ್ತಿಯ ಬೆಲ್ಟ್ ಅವನ ಕೈಯಿಂದ ಎರಡು ಸಲ ಜಾರಿತ್ತು. ಅದನ್ನು ಅವನಿಗೆ ತಂದುಕೊಡದೆ ಬಿಡುವ ಹೆಣ್ಣು ಅವಳಲ್ಲ.

ಮರುದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ ಇರುವೆ ಸಾಲು. ಕನ್ನಡಕದವನು ಓಡಿಬಂದ. ಅದರ ಮರುದಿನವೂ ಅದೇ ಕಥೆ, ಅವನು ಮತ್ತೆ ಓಡಿಬಂದ.

“ಏನ್ರೀ ಇದು? ರಾತ್ರಿ ಮಲಗಿ ಎದ್ರೆ ಎಲ್ಲ ಮರೆತುಬಿಡುತ್ತಾ ನಿಮ್ಮ ಲಿನಕ್ಸ್?”

“ಸೇವ್ ಮಾಡೋದು ಮರೆತೆ.”

“ಎರಡು ಸಲ?”

“ಎರಡು ಸಲಾನೂ.” ಪರದೆಯಿಂದ ಕಣ್ಣು ಕೀಳದೆ ಹೇಳಿದ. ಆದರೆ ಕಿವಿ ಎರಡೂ ಕೆಂಪಾದವು.

ಅವಳಿಗೆ ನಗು ತಡೆಯಲಾಗಲಿಲ್ಲ. ಕೈಗೆ ಸುತ್ತಿಕೊಂಡಿದ್ದ ಪಟ್ಟಿ ಬಿಚ್ಚುತ್ತ, ಆ ಕೆಂಪು ಕುತ್ತಿಗೆಗೆ ಇಳಿಯುವವರೆಗೂ ಬಿಡದೆ ನೋಡಿದಳು. ಇವಳು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಬೆರಳು ತಡವರಿಸಿ ಪಾಸ್‌ವರ್ಡ್ ಮೂರು ಸಲ ತಪ್ಪಿತು. ಹೊಡೆದಾಟವೇ ಇಲ್ಲದೆ ಒಬ್ಬನನ್ನು ಇಷ್ಟು ಸುಸ್ತು ಮಾಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಎದೆಯೊಳಗೆ ಏನೋ ಹಿತವಾಗಿ ನೋಯತೊಡಗಿತು.

ಅವನು ಹೋದ ಮೇಲೆ ಕುರ್ಚಿಯಲ್ಲಿ ಕುಳಿತಳು. ಅಕ್ಷರ ದುಂಡಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೊಂದು ಬದಲಾವಣೆಯೂ ಆಗಿತ್ತು. ಪರದೆಯ ಎಡ ಅಂಚಿನಲ್ಲಿರುತ್ತಿದ್ದ ಐಕಾನ್‌ಗಳ ಪಟ್ಟಿ ಬಲ ಅಂಚಿಗೆ ಬಂದಿತ್ತು.

ಅವಳು ಕೇಳಿರಲಿಲ್ಲ. ಪ್ರತಿ ಸಲ ಅವಳು ಇಡೀ ಮುಖ ತಿರುಗಿಸಿ ಎಡಕ್ಕೆ ಹುಡುಕುವುದನ್ನು ಅವನು ಗಮನಿಸಿದ್ದ.

ಮೆಟ್ಟಿಲಲ್ಲೇ ಅವನನ್ನು ಹಿಡಿದಳು. ಕಾಲರ್‌ಗೆ ಕೈ ಹಾಕಿ ಗೋಡೆಗೆ ಅಪ್ಪಳಿಸಿದ ರಭಸಕ್ಕೆ ಸುಣ್ಣ ಉದುರಿತು.

“ಯಾರ ಹತ್ರ ಆದ್ರೂ ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ.”

“ಉದುರಿಸಿ. ಆದ್ರೆ ರಿಂಗಿಗೆ ಇಳೀಬೇಡಿ. ನನ್ನ ಅಕ್ಕನಿಗೂ ಹೀಗೇ ಆಗಿತ್ತು, ಭಾವ ಹೊಡೆದು. ನಾಳೆ ತೋರಿಸೋಣ, ನಾಡಿದ್ದು ತೋರಿಸೋಣ ಅಂತ ಬಿಟ್ವಿ. ಆ ಕಣ್ಣು ಹೋಯ್ತು.”

ಅವನ ಎದೆಬಡಿತ ಅವಳ ಮುಷ್ಟಿಗೆ ತಾಕುತ್ತಿತ್ತು. ಆದರೂ ಅವನು ನೋಟ ತಗ್ಗಿಸಲಿಲ್ಲ. ಅದೇ ಅವಳ ಸಿಟ್ಟನ್ನು ನೆತ್ತಿಗೇರಿಸಿತು.

“ಕಣ್ಣಿಲ್ಲ ಅಂತೀಯಾ ನಂಗೆ? ಬಾ. ಗ್ಲೋವ್ಸ್ ಹಾಕ್ಕೋ. ಒಂದೇ ಒಂದು ಏಟು ಮುಟ್ಟಿಸು, ನೀನು ಹೇಳೋ ಡಾಕ್ಟರ್ ಹತ್ರ ಬರ್ತೀನಿ.”

ಮಧ್ಯಾಹ್ನ, ಹಾಲ್ ಖಾಲಿ. ಕನ್ನಡಕ ತೆಗೆದಿಟ್ಟ ಅವನ ಮುಖ ಮಗುವಿನ ಮುಖದಂತಿತ್ತು. ಅವಳು ಹೊಟ್ಟೆಗೆ ಒಂದು ಕೊಟ್ಟಳು, ಮಡಚಿಕೊಂಡು ಬಿದ್ದ. ಎದ್ದ. ಪಕ್ಕೆಗೆ ಇನ್ನೊಂದು. ಹಗ್ಗ ಹಿಡಿದು ಮತ್ತೆ ಎದ್ದ.

“ಸಾಕು ಕಣೋ. ಸತ್ತುಹೋಗ್ತೀಯ.”

ಅವನು ಏದುಸಿರು ಬಿಡುತ್ತ ಅವಳ ಎಡಬದಿಗೆ ಸುತ್ತಿ ನಡೆದ. ಇನ್ನೂ ಎಡಕ್ಕೆ. ಇದ್ದಕ್ಕಿದ್ದಂತೆ ರಿಂಗಿನಲ್ಲಿ ಅವಳೊಬ್ಬಳೇ ಆದಳು. ತಿರುಗುವಷ್ಟರಲ್ಲಿ ಗ್ಲೋವ್ ಒಂದು ಕತ್ತಲಿನಿಂದ ಮೆಲ್ಲಗೆ ಬಂದು ಅವಳ ಎಡಗೆನ್ನೆಗೆ ಒತ್ತಿ ಅಲ್ಲೇ ನಿಂತಿತು.

ಏಟೇ ಅಲ್ಲ ಅದು. ಆದರೂ ಅವಳು ಎತ್ತಿದ್ದ ಎರಡೂ ಕೈ ಕೆಳಗಿಳಿಸಿದಳು. ಇಷ್ಟು ನಿಧಾನವಾಗಿ ಬಂದದ್ದೂ ಕಾಣಲಿಲ್ಲವೆಂದರೆ, ಬಂದರಿನ ಹುಡುಗಿಯ ಬಲಗೈ?

“ಕ್ಷಮಿಸಿ,” ಎಂದ ಅವನು. ಅಳುತ್ತಿದ್ದವನು ಅವನೇ.

ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ ಕೈಯಲ್ಲಿದ್ದ ಸೀಟಿಯನ್ನು ತಿರುಗಿಸತೊಡಗಿದ.

“ಒಂದೇ ಒಂದು ಪಂದ್ಯ ಮಗಳೇ. ಎಂಟು ದಿನ. ಆಮೇಲೆ ಕಣ್ಣು ನೋಡ್ಕೊಳ್ಳೋಣ.”

ಅವಳು ಆ ಸೀಟಿಯನ್ನು ಹಿಡಿದು ನಿಲ್ಲಿಸಿದಳು. “ಎಂಟು ದಿನಕ್ಕೆ ಕಣ್ಣು ಉಳಿಯುತ್ತೆ ಅಂತ ಏನು ಗ್ಯಾರಂಟಿ ಅಪ್ಪಾ?”

“ಉಳಿಯಲ್ಲ ಸರ್,” ಅವಳ ಜೊತೆಗೇ ಬಂದು ಬಾಗಿಲಲ್ಲಿ ನಿಂತಿದ್ದ ಕನ್ನಡಕದವನ ದನಿ ಬಂತು. “ನಾಳೆ ಬೆಳಿಗ್ಗೇನೇ ಡಾಕ್ಟರ್ ಹತ್ರ...”

“ನನ್ನ ಮಗಳ ತಲೆ ಕೆಡಿಸಿದ್ದು ನೀನೇನೋ!”

ಅಪ್ಪನಿಗೆ ಅರವತ್ತೆರಡು. ಆದರೂ ಆ ಎಡಗೈ ಹೊಡೆತ ಹಾವಿನಂತೆ ಹೋಯಿತು. ಕಟಕ್ ಎಂದು ಮೂಗಿನ ಮೂಳೆ ಮುರಿದ ಸದ್ದು ಕೇಳಿಸಿತು. ಕನ್ನಡಕ ಎರಡು ಹೋಳಾಗಿ ಹಾರಿತು. ಬಿದ್ದವನ ಅಂಗಿಯ ಎದೆ ರಕ್ತದಿಂದ ತೊಯ್ದುಹೋಯಿತು. ಅಪ್ಪ ಅವನನ್ನು ಕಾಲರ್ ಹಿಡಿದೆತ್ತಿ ಮತ್ತೆ ಮುಷ್ಟಿ ಬಿಗಿದ.

ಆಗ ಅವಳು ಹೊಡೆದಳು. ಗ್ಲೋವ್ಸ್ ಇಲ್ಲ, ಪಟ್ಟಿ ಇಲ್ಲ, ಬರಿಗೈ. ಹುಟ್ಟಿದಾಗಿನಿಂದ ಹೊಡೆಯುವುದನ್ನು ಕಲಿಸಿದ ಅಪ್ಪನ ದವಡೆಗೇ. ಅಪ್ಪ ಬೆಂಚಿನ ಮೇಲೆ ಉರುಳಿ, ಬೆಂಚಿನ ಜೊತೆಗೇ ನೆಲಕ್ಕೆ ಬಿದ್ದ.

ಅವಳ ಬೆರಳ ಗೆಣ್ಣುಗಳು ಒಡೆದು ರಕ್ತ ಜಿನುಗುತ್ತಿತ್ತು. ಇನ್ನು ಈ ಮನುಷ್ಯ ತನ್ನನ್ನು ಮಗಳೆಂದು ಕರೆಯಲಾರ ಎಂದುಕೊಂಡಳು.

ಅಪ್ಪ ಬಿದ್ದಲ್ಲೇ ಕುಳಿತು ದವಡೆ ಸವರಿಕೊಂಡ. “ಒಳ್ಳೇ ಏಟು,” ಎಂದ. “ಕಾಲು ಸರಿಯಾಗಿ ಇಡಲಿಲ್ಲ ನೀನು.” ಆಮೇಲೆ ಅವನ ಮುಖ ಮುದುಡಿತು. “ಎಲ್ಲಿ ಮಗಳೇ ಆ ಕಣ್ಣು? ಈಚೆ ಬಾ, ತೋರ್ಸು.” ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು ಮಗುವಿನಂತೆ ಬಿಕ್ಕಳಿಸಿದ. ಆಮೇಲೆ ಜಿಮ್ಮಿನ ವ್ಯಾನ್ ಹೊರಗೆ ತೆಗೆದವನೂ ಅವನೇ. ಮುಂದಿನ ಸೀಟಿನಲ್ಲಿ ಮಗಳು, ಹಿಂದೆ ಟವೆಲ್‌ನಿಂದ ಮೂಗು ಒತ್ತಿಕೊಂಡ ಯುವಕ. ವ್ಯಾನ್ ನೇರ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತು.

ಕಣ್ಣಿನ ಒಳಪದರ ಅರ್ಧಕ್ಕರ್ಧ ಕಿತ್ತುಬಂದಿತ್ತು. ಆಪರೇಷನ್ ಆಯಿತು. ಕಳೆದುಹೋದ ಅಂಚು ಪೂರ್ತಿ ಮರಳುತ್ತದೆಂದು ಹೇಳಲಾಗದು, ಗ್ಲೋವ್ಸ್ ಮಾತ್ರ ಇನ್ನು ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರ್. ಒಳಪದರ ಕೂಡಿಕೊಳ್ಳಲು ಒಂದು ವಾರ ಹಗಲೂ ರಾತ್ರಿ ಬೋರಲು ಮಲಗಬೇಕಿತ್ತು.

ಮುಖಕ್ಕೆಂದು ತೂತು ಬಿಟ್ಟ ಮಂಚ. ಅದರ ಮೂಲಕ ಅವಳಿಗೆ ಕಾಣುತ್ತಿದ್ದದ್ದು ನೆಲದ ನಾಲ್ಕು ಕಲ್ಲು. ಬಂದರಿನ ಹುಡುಗಿ ಬೇರೆ ಯಾರನ್ನೋ ಕೆಡವಿ ಬೆಲ್ಟ್ ಗೆದ್ದ ದಿನವೂ ಅವಳು ಆ ಕಲ್ಲುಗಳನ್ನೇ ನೋಡುತ್ತಿದ್ದಳು. ಒಳಗಿನ ಸಿಟ್ಟನ್ನು ಯಾರ ಮೇಲೆ ಹರಿಯಬಿಡಬೇಕೆಂದು ತಿಳಿಯದೆ ಹಲ್ಲು ಕಚ್ಚಿ ಮಲಗಿದ್ದಳು.

ಆಗ ನೆಲದ ಮೇಲೆ ಏನೋ ಸರಿದಾಡಿತು. ಮಂಚದ ಅಡಿಗೆ ಒಂದು ತಲೆ ಬಂತು. ಬ್ಯಾಂಡೇಜು ಹಾಕಿದ ಮೂಗು, ಹೊಸ ಕನ್ನಡಕ. ಕನ್ನಡಕದವನು ಅಂಗಾತ ಮಲಗಿ, ನೇರವಾಗಿ ಅವಳ ಮುಖದ ಕೆಳಗೆ ಸರಿದು ಬಂದ.

“ಏನೋ ಇದು? ನರ್ಸ್ ನೋಡಿದ್ರೆ ಒದೀತಾಳೆ.”

“ಅಭ್ಯಾಸ ಆಗಿದೆ.”

“ಬಾಕ್ಸಿಂಗ್ ಮುಗೀತು ಕಣೋ. ಅದು ಬಿಟ್ರೆ ನಂಗೆ ಏನೂ ಬರಲ್ಲ.” ಅವಳ ಬಲಗಣ್ಣಿನಿಂದ ಹನಿಯೊಂದು ನೇರ ಕೆಳಗೆ ಬಿದ್ದು ಅವನ ಗಾಜಿನ ಮೇಲೆ ಒಡೆಯಿತು. ಅವನು ಒರೆಸಿಕೊಳ್ಳಲಿಲ್ಲ.

“ಅಳು. ನಾನು ಇಲ್ಲೇ ಇರ್ತೀನಿ. ನಂಗೆ ನೀನು ಬೇಕು. ಗೆದ್ದ ಸುತ್ತಿಗೆ ಅಲ್ಲ, ಬರೀ ನೀನು. ಒಂದು ಕಣ್ಣಿದ್ರೂ ಸರಿ, ಎರಡಿದ್ರೂ ಸರಿ.”

ಅವಳು ತೋಳನ್ನು ಮಂಚದಂಚಿನಿಂದ ಕೆಳಗೆ ಇಳಿಬಿಟ್ಟಳು. ಗಾಯ ಮಾಯದ ಬೆರಳುಗಳು ಅವನ ತುಟಿಯನ್ನು ಹುಡುಕಿ, ಮುಟ್ಟಿ, ಅಲ್ಲೇ ಉಳಿದವು.

“ಮೂಗು ವಾಸಿ ಆಗ್ಲಿ,” ಎಂದಳು. “ಮುತ್ತು ಕೊಡೋವಾಗ ನೋವಾಗಬಾರದು.”

ಬಾಗಿಲ ಬಳಿ ನರ್ಸಿನ ಚಪ್ಪಲಿ ಸದ್ದಾಯಿತು. ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಅಲುಗಲಿಲ್ಲ.