ಕ್ಷಿಪಣಿಗೆ ನಿಂಬೆಹಣ್ಣು

ಕೀಲಿ ಈ ಸಲವೂ ತಿರುಗಲಿಲ್ಲ. ನೆಲಮಾಳಿಗೆಯ ಕ್ಷಿಪಣಿ ಕೊಠಡಿಯಲ್ಲಿ ತಾಲೀಮಿಗೆ ಕುಳಿತ ಇಬ್ಬರು ಅಧಿಕಾರಿಗಳು ಕಿಸಕ್ಕನೆ ನಕ್ಕಿದ್ದರು. ಅವರ ಎದೆಪಟ್ಟಿಗೆ ಜೋಡಿಸಿದ ಗಾಂಭೀರ್ಯಮಾಪಕದ ಮುಳ್ಳು ಕೆಂಪು ಮನೆಯಲ್ಲಿ ಕುಣಿಯುತ್ತಿತ್ತು.

ಡಾ. ಶಾಂತವ್ವ ಕಟ್ಟಿಮನಿ ಈ ಯಂತ್ರ ಕಂಡುಹಿಡಿದದ್ದು ಒಳ್ಳೆಯ ಮನಸ್ಸಿನಿಂದ. ಕುಡಿದವರು, ಕೋಪಿಷ್ಠರು, ಹುಡುಗಾಟದವರು ಅಣುಬಾಂಬು ಹಾರಿಸಬಾರದು. ಉಸಿರು, ಕೆನ್ನೆಯ ಸ್ನಾಯು, ಹೊಟ್ಟೆಯ ಅದುರು ಮೂರೂ ಸ್ಥಿರವಾಗಿದ್ದರೆ ಮಾತ್ರ ಕೀಲಿ ತಿರುಗುತ್ತದೆ. ನಕ್ಕರೆ ಅರ್ಧ ತಾಸು ಬೀಗ.

ಆ ಅಧಿಕಾರಿಗಳ ಗಾಂಭೀರ್ಯ ಕೆಡಿಸಿದ್ದು ಫಕೀರಪ್ಪ ಸಂಶಿಯ ಸಿನಿಮಾ. ಅದರಲ್ಲಿ ಮಂತ್ರಿಗಳು ಅಣುಯುದ್ಧದ ಉದ್ಘಾಟನೆಗೆ ಮುಹೂರ್ತ ಇಡಿಸುತ್ತಾರೆ. ಹೊಸ ಗಾಡಿಯಂತೆ ಕ್ಷಿಪಣಿಗೂ ಪೂಜೆ ಮಾಡಿ, ಗಾಲಿಯ ಕೆಳಗಿಡಲು ನಿಂಬೆಹಣ್ಣು ತಂದು, ಗಾಲಿಯೇ ಇಲ್ಲವೆಂದು ಕಂಗಾಲಾಗುತ್ತಾರೆ. ಅಷ್ಟರಲ್ಲಿ ಲೋಕವೇ ಬೂದಿ. ನಾಡೆಲ್ಲ ಹೊಟ್ಟೆ ಹಿಡಿದು ನಕ್ಕಿತು.

ನಗದವನು ನೀಲಕಂಠ ಮುಳಗುಂದ ಒಬ್ಬನೇ. ಅವನೂ ಫಕೀರಪ್ಪನೂ ಒಂದೇ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅದೇ ವರ್ಷ ನೀಲಕಂಠನೂ ಅಣುಯುದ್ಧದ ಮೇಲೆ ಹಾಸ್ಯಚಿತ್ರ ಮಾಡಿದ್ದ. ಅದರಲ್ಲಿ ಪ್ರತಿ ನಗೆಮಾತಿನ ಹಿಂದೆಯೇ ಒಬ್ಬ ಮುದುಕ ಬಂದು ಅರ್ಥ ವಿವರಿಸುತ್ತಿದ್ದ. ಜನ ಕೈಕಟ್ಟಿ ಕೇಳಿ ಎದ್ದುಹೋದರು. ಫಕೀರಪ್ಪನ ಸಿನಿಮಾಕ್ಕೆ ನೀಲಕಂಠ ಏಳು ಸಲ ಹೋದ. ಹಿಂದಿನ ಸಾಲಿನಲ್ಲಿ ಕುಳಿತು, ನಗೆ ಬಂದಾಗಲೆಲ್ಲ ಟವೆಲ್ಲು ಕಚ್ಚಿ ಹಿಡಿದ. ದೇವರ ಮುಂದೆ ನಿಂತರೂ ಒಂದೇ ಬೇಡಿಕೆ: “ಒಮ್ಮೆರೆ ಅವನಕಿಂತ ಮ್ಯಾಲ ಮಾಡಪಾ ಶಿವನ.”

ಶಿವ ಕೇಳಿಸಿಕೊಂಡ. ಅಧಿಕಾರಿಗಳ ಗಾಂಭೀರ್ಯ ಮರಳಿಸಲು ಸೇನೆ ಆರಿಸಿದ್ದು ನೀಲಕಂಠನ ಚಿತ್ರವನ್ನು. ಅರ್ಧ ನೋಡುವುದರೊಳಗೆ ಮುಳ್ಳು ಹಸಿರು ಮನೆಯಲ್ಲಿ ಮಲಗಿತು. ಕೊಠಡಿಯಲ್ಲೇ ಅವನಿಗೆ ಸನ್ಮಾನ, ಜೊತೆಗೊಂದು ಸಣ್ಣ ಪೂಜೆ.

“ಫಕ್ಕೀರ್ಯಾನ ಸಿನಿಮಾ ಇಲ್ಲಿ ನಡೀಲಿಲ್ಲ ನೋಡ್ರಿ ಅಕ್ಕಾರ,” ಎಂದ ನೀಲಕಂಠ ಶಾಂತವ್ವರಿಗೆ, ಶಾಲು ಸರಿಪಡಿಸಿಕೊಳ್ಳುತ್ತ.

“ಅವರ ಸಿನಿಮಾ ಬೀಗ ಹಾಕಿತ್ತರಿ, ನಿಮ್ದು ತಗೀತು,” ಎಂದರು ಶಾಂತವ್ವ. “ಇಷ್ಟ ದಿನಾ ಆ ಬೀಗ ನಂಬಿ ನಾ ನಿಶ್ಚಿಂತಿ ಮಲಗ್ತಿದ್ದೆ.”

ಆಗಲೇ ಅಪಾಯದ ಗಂಟೆ ಹೊಡೆಯಿತು. ತೆರೆಯ ಮೇಲೆ ನೆರೆದೇಶದ ಕಡೆಯಿಂದ ನೂರಾರು ಚುಕ್ಕೆಗಳು. ಮೇಲಿನಿಂದ ಅಪ್ಪಣೆ ಬಂತು. ಅಧಿಕಾರಿಗಳು ಕಲ್ಲಿನ ಮುಖ ಮಾಡಿ ಕೀಲಿಗೆ ಕೈಹಾಕಿದರು; ಮುಳ್ಳು ಹಸಿರಿನಿಂದ ಕದಲಲಿಲ್ಲ. ನೀಲಕಂಠನಿಗೆ ಆಗ ಹೊಳೆಯಿತು: ತಾನು ಗೆದ್ದ ದಿನವೇ, ನೋಡಿ ಹೊಟ್ಟೆ ಉರಿದುಕೊಳ್ಳಲು ಫಕೀರಪ್ಪನೂ ಉಳಿಯುವುದಿಲ್ಲ!

“ತಡೀರಿ ಸಾಹೇಬ್ರ, ಪೂಜಿ ಮುಗದಿಲ್ಲ!” ಸನ್ಮಾನದ ತಟ್ಟೆ ಹಿಡಿದು ಹವಾಲ್ದಾರ ಓಡಿಬಂದ. “ಇದನ್ನ ಎಲ್ಲಿ ಇಡ್ಲಿರಿ?”

ತಟ್ಟೆಯಲ್ಲಿ ನಿಂಬೆಹಣ್ಣು.

ಟವೆಲ್ಲು ಮನೆಯಲ್ಲಿತ್ತು. ಏಳು ಸಲ ನುಂಗಿದ್ದ ನಗೆಯೆಲ್ಲ ಒಮ್ಮೆಲೇ ಉಕ್ಕಿ ನೀಲಕಂಠ ನೆಲಕ್ಕೆ ಕುಸಿದ. ಒಬ್ಬ ಅಧಿಕಾರಿ ತುಟಿ ಕಚ್ಚಿಕೊಂಡ, ಇನ್ನೊಬ್ಬನಿಗೆ ಅದೂ ಆಗಲಿಲ್ಲ. ಮುಳ್ಳು ಕೆಂಪಿಗೆ ಹಾರಿತು, ಬೀಗ ಬಿತ್ತು.

ಅದು ತೆರೆಯುವುದರೊಳಗೆ ಚುಕ್ಕೆಗಳು ಕೂಗುತ್ತ ತಲೆಯ ಮೇಲೆ ಹಾದುಹೋದವು. ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುವ ಹೆಬ್ಬಾತುಗಳು.

ಆ ದಿನ ಕೊಠಡಿಯಲ್ಲಿ ತೋರಿಸಿದ್ದು ಅದೇ ಎಂದು, ಲೋಕ ಉಳಿಸಿದ ಚಿತ್ರದ ಪದಕ ಬಂದದ್ದು ನೀಲಕಂಠನ ಸಿನಿಮಾಕ್ಕೆ. ಅವನು ಅದನ್ನು ಒಯ್ದು ಫಕೀರಪ್ಪನ ಕೈಯಲ್ಲಿಟ್ಟ.

“ಇದು ನಿಂದು ಲೇ. ಆ ಲಿಂಬಿಹಣ್ಣಿಗೆ ನಕ್ಕುಬಿಟ್ಟೆ.”

ಫಕೀರಪ್ಪ ಪದಕದ ಕಡೆ ನೋಡಲೂ ಇಲ್ಲ. “ಏಳು ಸಲ ಬಂದು ಟವೆಲ್ ಕಚ್ಚಿಕೊಂಡು ಕುಂತಿದ್ದೆಲ್ಲೊ ಮಾರಾಯಾ. ನಾನೂ ಅಲ್ಲೇ ಇದ್ದೆ. ನಿನ್ನ ಮಾರಿ ನೋಡಿಕೋತ, ಮಂದಿ ನಕ್ಕದ್ದು ನನಗ ಕೇಳಸಲೇ ಇಲ್ಲ.” ಅವನ ದನಿ ಸಣ್ಣಗಾಯಿತು. “ಹ್ಯಾಂಗ ನಕ್ಕಿ? ಒಮ್ಮೆ ನಕ್ಕ ತೋರ್ಸು, ನೋಡೂಣು.”