ಶೇವಂತಿ ಕೂತು ಎದ್ದ ಮನೆಗಳು

"ಕೈ ತೆಗೀರಿ! ಆ ಕೂಸನ್ನ ಮುಟ್ಟಬ್ಯಾಡ್ರಿ!"

ಬಾಗಿಲಲ್ಲಿ ನಿಂತವನ ಕೂಗಿಗೆ ಶೇವಂತಿಯ ಕೈ ಗಾಳಿಯಲ್ಲೇ ನಿಂತಿತು. ತೊಟ್ಟಿಲಲ್ಲಿ ಗೆಳತಿ ಅನ್ನವ್ವನ ನಾಲ್ಕು ತಿಂಗಳ ಮಗಳು ಕಣ್ಣರಳಿಸಿದಳು.

ಸಿನಿಮಾದಲ್ಲಾಗಿದ್ದರೆ ಕಣ್ಣು ಕಣ್ಣು ಕೂಡಿದ ಈ ಹೊತ್ತಿಗೆ ಪಿಟೀಲು ಮೊಳಗಬೇಕು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಮೊಳಗಿದ್ದು ಮಗ್ಗ... ಲಟಕ್, ಪಟಕ್!

"ಯಾರ್ರಿ ನೀವು ಹೇಳಾಕ?"

"ಬಾಳಾಸಾಹೇಬ. ಆರೋಗ್ಯ ಇಲಾಖಿ."

"ಹೆಸರಿನ್ಯಾಗೂ ಸಾಹೇಬ, ಗತ್ತಿನ್ಯಾಗೂ ಸಾಹೇಬ!" ಅನ್ನವ್ವ ಒಲೆಯ ಮುಂದಿನಿಂದಲೇ ಕಿಸಕ್ಕೆಂದಳು.

ಅದು 1966ರ ಬೇಸಿಗೆ. ಒಂದು ತಿಂಗಳಲ್ಲಿ ಓಣಿಯ ಮೂರು ಮನೆಗೆ ಸಿಡುಬು ಬಂದಿತ್ತು. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತು ಕೂತರು ಎಂದು ಕೇಳಿ, ಕಾಗದದ ಮೇಲೆ ಮನೆಯಿಂದ ಮನೆಗೆ ಗೆರೆ ಎಳೆದು, ರೋಗ ಮುಂದೆ ಎಲ್ಲಿ ಕಾಲಿಡುತ್ತದೆಂದು ಮೊದಲೇ ಹೇಳಬೇಕು... ಅದು ಬಾಳಾಸಾಹೇಬನ ಹಟ.

ಶೇವಂತಿಯ ಕೆಲಸವೋ, ಮಗ್ಗದಲ್ಲಿ ಮುಗಿದ ಹಾಸಿನ ಉದ್ದನೆಯ ಎಳೆಗಳಿಗೆ ಹೊಸ ಎಳೆ ಗಂಟು ಹಾಕುವುದು. ಇವತ್ತು ಈ ಮನೆ, ನಾಳೆ ಆ ಮನೆ. ಆ ಮೂರೂ ಮನೆಗಳಲ್ಲಿ ಅವಳು ಕೂತು ಎದ್ದಿದ್ದಳು!

"ತೋಳು ತೋರಸ್ರಿ."

"ಏನಂದ್ರಿ?!"

"ಸಣ್ಣಾಕಿದ್ದಾಗ ಸಿಡುಬು ಬರದಂಗ ಸೂಜಿ ಚುಚ್ಚಿದ ಕಲಿ ಐತೇನು ಅಂತ..." ಅವನ ಕಿವಿ ಕೆಂಪಾಯಿತು.

ಕಲೆ ಇತ್ತು. ಅವನು ನಿರಾಳವಾಗಿ ಉಸಿರು ಬಿಟ್ಟ. ಯಾಕೆಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನಮ್ಮ ಕಥೆ ಇಲ್ಲೇ ಮುಗಿಯುತ್ತಿತ್ತು!

ಅಂದಿನಿಂದ ದಿನಾ ಮಧ್ಯಾಹ್ನ ಬಂದ. "ಇವತ್ತ ಎಲ್ಲಿ ಹೋಗಿದ್ರಿ? ಯಾರ ಕೂಡ ಕುಂತಿದ್ರಿ?"

"ಇಷ್ಟು ನನ್ನ ಹೆತ್ತವ್ವನೂ ಕೇಳಂಗಿಲ್ಲ!" ಎನ್ನುತ್ತಲೇ ಅವಳು ಎಲ್ಲ ಹೇಳುತ್ತಿದ್ದಳು. ಅವನು ಬರುವ ಹೊತ್ತಿಗೆ ತಲೆ ಬಾಚಿಕೊಳ್ಳುವುದೂ ಶುರುವಾಯಿತು.

"ರೋಗ ಹುಡುಕಾಕ ಬರ್ತಾನೋ, ಹೆಣ್ಣ ಹುಡುಕಾಕೋ?" ಅನ್ನವ್ವ ಕಾಡಿದಳು.

'ನನ್ನ ಸಲುವಾಗೇ ಬರ್ತಾನಾ...?'

ಎಂಟನೆಯ ದಿನ ಮಗ್ಗದ ಮಾಲೀಕ ಗಿರಿಮಲ್ಲಪ್ಪ ಅವಳನ್ನು ಬಾಗಿಲಲ್ಲೇ ತಡೆದ. "ಇನ್ನ ಮ್ಯಾಲೆ ಬರಬ್ಯಾಡವಾ. ನಿಮ್ಮ ಸಾಹೇಬ ಈ ಕಾಗದ ನಮ್ಮ ಕಟ್ಟಿ ಮ್ಯಾಲೆ ಮರತು ಹೋಗ್ಯಾನ. ನೋಡು."

ಮನೆಮನೆಯಿಂದ ಹೊರಟ ಗೆರೆಗಳೆಲ್ಲ ಒಂದೇ ಹೆಸರಿಗೆ ಬಂದು ಸೇರಿದ್ದವು. ಶೇವಂತಿ! ಹೆಸರಿನ ಸುತ್ತ ಗುಂಡಗೆ ಎಳೆದ ಕೆಂಪು ಗೆರೆ.

ಮೊನ್ನೆಯಷ್ಟೇ ಅನ್ನವ್ವನ ಕೂಸನ್ನು ಎತ್ತಿ ಮುದ್ದಾಡಿದ್ದಳು... 'ನಾನೇ ತಂದುಕೊಟ್ಟೆನಾ?'

ಕಾಗದ ಹಿಡಿದು ಬಾಳಾಸಾಹೇಬ ಕೂರುವ ದವಾಖಾನೆಗೆ ಓಡಿದಳು.

"ದಿನಾ ನಕ್ಕೋತ ಕೇಳಿದ್ದು ಇದಕ್ಕೇನ್ರಿ? ಆ ಕೂಸಿಗೆ ಏನರ ಆದ್ರ ನಾ ಬದುಕಂಗಿಲ್ಲ!"

"ಶೇವಂತಿ, ಕೇಳ್ರಿಲ್ಲೆ! ಗೆರಿ ಎಲ್ಲಾ ನಿಮ್ಮ ಹತ್ರ ಬರತಾವ. ಆದ್ರ ನಿಮಗ ಚುಚ್ಚೇತಿ, ನಿಮ್ಮಿಂದ ರೋಗ ಹೋಗಿಲ್ಲ. ಅಂದ್ರ ಯಾವುದೋ ಗೆರಿ ನನಗ ಸಿಕ್ಕಿಲ್ಲ! ಅದಕ್ಕ ನಿಮ್ಮ ಹೆಸರಿನ ಸುತ್ತ ಗುಂಡ ಹಾಕೇನಿ. ಹುಡುಕಿ ಹುಡುಕಿ ನಿದ್ದಿ ಬಿಟ್ಟೇನಿ..."

ಶೇವಂತಿ ಕಣ್ಣೊರೆಸಿಕೊಂಡು ಮತ್ತೆ ಕಾಗದ ನೋಡಿದಳು.

"ಆ ಮೂರು ಮನಿಯೊಳಗ ಈ ಗುರುಬಸವ್ವನ ಮನಿಗೆ ಇಬ್ಬರೇ ಹೋಗ್ಯಾರ ಅಂತ ಬರದೀರಿ?"

"ಮಂದಿ ಹೇಳಿದ್ದು ಅಷ್ಟ."

"ಅಯ್ಯ! ಓಣಿ ಹೆಂಗಸರು ಅರ್ಧಕ್ಕರ್ಧ ಹೋಗ್ಯಾರ! ಆಕಿ ಮಗನ ಮೈತುಂಬ ಗುಳ್ಳಿ ಎದ್ದು ಅವ್ವ ಬಂದಾಳಲ್ರಿ, ತಣ್ಣೀರ ಕೊಡ ತಗೊಂಡು ದರ್ಶನಕ್ಕ."

"ಮತ್ತ ಯಾರೂ ಹೇಳಲಿಲ್ಲ?"

"ನೀವು ಬ್ಯಾನಿ ಬಿದ್ದವರ ಮನಿಗೆ ಹೋಗಿದ್ರೇನು ಅಂತ ಕೇಳ್ತೀರಿ. ಅವ್ವ ಬಂದದ್ದಕ್ಕ ಬ್ಯಾನಿ ಅಂತಾರೇನ್ರಿ? ಅದು ಗುಡಿಗೆ ಹೋದಂಗ! ನಾನೂ ಹೇಳಲಿಲ್ಲ..."

ಅವನು ಪೆನ್ಸಿಲ್ ಹಿಡಿದ. ಅವಳು ಒಂದೊಂದೇ ಹೆಸರು ಬರೆಸಿದಳು. ಕೊನೆಯ ಹೆಸರಿಗೆ ಬಂದಾಗ ಅವನ ಪೆನ್ಸಿಲ್ ಹಿಡಿದು ನಿಲ್ಲಿಸಿದಳು.

"ಮೂರು ದಿನದ ಹಿಂದ... ಅನ್ನವ್ವ. ಕೂಸನ್ನ ಬಗಲಾಗ ಎತಗೊಂಡು."

"ಕೂಸಿಗೆ ಚುಚ್ಚಿಲ್ಲ, ಮನ್ಯಾಗ ಬಿಟ್ಟಿಲ್ಲ! ಇನ್ನೂ ತಡ ಮಾಡಿದ್ರ..."

ಇಬ್ಬರೂ ಓಡಿದರು.

ಅನ್ನವ್ವನ ಅತ್ತೆ ಮುದಕವ್ವ ತೊಟ್ಟಿಲಿಗೆ ಅಡ್ಡ ನಿಂತಳು. "ಸೂಜಿ ಮುಟ್ಟಸಬ್ಯಾಡ್ರಿ! ಅವ್ವ ಸಿಟ್ಟಾಗತಾಳ!"

ಶೇವಂತಿ ತೋಳು ಚಾಚಿದಳು. "ಸಾಹೇಬ್ರ, ಮೊದಲ ನನಗ ಇನ್ನೊಮ್ಮೆ ಚುಚ್ಚ್ರಿ. ಅವ್ವ ಸಿಟ್ಟಾಗೋದಿದ್ರ ನನ್ನ ಮ್ಯಾಲೆ ಆಗಲಿ! ಕೂಸನ್ನ ಬಿಡಲಿ!"

ಚುಚ್ಚಿದ. ಅವಳು ಹುಬ್ಬು ಗಂಟಿಕ್ಕಲಿಲ್ಲ. ಮುದಕವ್ವ ಅವಳನ್ನೇ ನೋಡಿದಳು, ನೋಡಿದಳು... ಪಕ್ಕಕ್ಕೆ ಸರಿದಳು.

ಕೂಸು ಚೀರಿತು.

ಆಮೇಲೆ ಕಾಯುವುದು. ಸಿಡುಬು ಮೈಯೊಳಗಿದ್ದರೆ ಹೊರಬೀಳಲು ಹದಿನಾಲ್ಕು ದಿನ! ಬರೆಸಿದ ಹೆಸರಿನ ಮನೆಗಳಿಗೆಲ್ಲ ಬಾಳಾಸಾಹೇಬ ಸೂಜಿ ಹಿಡಿದು ಅಲೆದ. ಶೇವಂತಿ ಹೊತ್ತಿಗೊಮ್ಮೆ ಕೂಸಿನ ಹಣೆ ಮುಟ್ಟಿ ನೋಡಿದಳು.

ಏಳನೆಯ ದಿನ ಮೈ ಕಾದ ಹಂಚು!

"ಚುಚ್ಚಿದ್ದರ ಜ್ವರ. ಇಳೀತೈತಿ," ಎಂದವನ ದನಿಯಲ್ಲೇ ಧೈರ್ಯವಿರಲಿಲ್ಲ.

ಇಳಿಯಿತು. ಹನ್ನೆರಡು... ಹದಿಮೂರು... ಹದಿನಾಲ್ಕರ ಬೆಳಿಗ್ಗೆ ಕೂಸು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ತೋಳಿನಲ್ಲಿ ಚುಚ್ಚಿದ ಜಾಗ ಬಿಟ್ಟರೆ ಮೈಮೇಲೆ ಒಂದು ಗುಳ್ಳೆಯೂ ಇಲ್ಲ! ಅನ್ನವ್ವ, ಶೇವಂತಿ ತಬ್ಬಿಕೊಂಡು ಗೊಳೋ ಎಂದು ಅತ್ತರು.

ಬಾಳಾಸಾಹೇಬ ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. "ಈಕಿ ರೋಗ ತಂದಾಕಿ ಅಲ್ಲ, ತಡದಾಕಿ! ತಪ್ಪು ನಂದು."

ಗಿರಿಮಲ್ಲಪ್ಪ ತಲೆ ಕೆರೆದುಕೊಂಡ. "ಮಗ್ಗ ನಿಂತಾವ, ಬಾರವಾ ತಂಗಿ..."

ಮಂದಿ ಚದುರಿದ ಮೇಲೆ ಬಾಳಾಸಾಹೇಬ ಅವಳ ಹತ್ತಿರ ಬಂದ.

"ಬೀಳಗಿ ದವಾಖಾನಿಗೆ ನನ್ನ ಬದಲಿ ಆಗೇತಿ."

ಅವಳ ಮುಖ ಬಾಡಿತು. "ಹೋಗಿ ಬರ್ರಿ..."

"ಸೋಮವಾರ ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರಬೇಕಂತ ಮಾಡೇನಿ. ಹೆಣ್ಣ ಕೇಳಾಕ. ನಿಮಗ... ನಿಮಗ ಒಪ್ಪಿಗಿ ಇದ್ರ."

"ಸೋಮವಾರ ಬ್ಯಾಡ್ರಿ."

"ಯಾಕ...?"

ಶೇವಂತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಇನ್ನ ಕಾಯೋದು ನನ್ನ ಕೈಲೆ ಆಗಂಗಿಲ್ಲ... ನಾಳೇನ ಬರ್ರಿ!"